ಎರಡು ಟವೆಲ್ ಅಗಲದ ಬಿಸಿಲು

ಶೃಂಗೇರಿ ಕಡೆಯ ಒಬ್ಬ ತೋಟಗಾರ ದಂಪತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಳೆ ಹಿಡಿಯುವ ಮೊದಲೇ ಅಡಿಕೆಗೆ ಒಂದನೇ ಔಷಧಿ ಹೊಡೆಸಿ ಮುಗಿಸಿದ್ದಾರೆ. ನಲವತ್ತು–ನಲವತ್ತೈದು ದಿನ ಕಳೆದ ಮೇಲೆ ಎರಡನೆಯದರ ಸರದಿ. ಆ ನಡುವಿನ ಬಿಡುವಿಗೆ ಸರಿಯಾಗಿ, ಜುಲೈ ಮೊದಲ ವಾರಕ್ಕೆ, ಬೆಂಗಳೂರಿನ ಮಗಳು ಪ್ಯಾಕೇಜ್ ಒಂದನ್ನು ಬುಕ್ ಮಾಡಿದ್ದಾಳೆ. ಹತ್ತು ದಿನಕ್ಕೆ ಏಳು ದೇಶ ಓಡಿಸುವ ಟೂರ್ ಅಲ್ಲ ಅದು. ಮೆಡಿಟರೇನಿಯನ್ ಸಮುದ್ರದ ಕ್ರೀಟ್ ದ್ವೀಪದಲ್ಲಿ ಒಂದೇ ಹೋಟೆಲ್, ಏಳು ದಿನ, ಊಟ ತಿಂಡಿ ಎಲ್ಲ ಸೇರಿ. “ಅಪ್ಪ, ಅಮ್ಮ, ನೀವಿಬ್ಬರೂ ಸುಮ್ಮನೆ ಬಿಸಿಲಲ್ಲಿ ಕೂತು ಬನ್ನಿ, ಸಾಕು” ಎಂದಿದ್ದಾಳೆ.

ಈ ದಂಪತಿ ನನ್ನ ಕಲ್ಪನೆ. ಅವರ ಸುತ್ತ ನಾನು ಜೋಡಿಸಲು ಹೊರಟಿರುವ ಅಂಕಿಗಳು ಮಾತ್ರ ಕಲ್ಪನೆಯಲ್ಲ. ಇಬ್ಬರು ಒಂದು ವಾರ ಏನೂ ಮಾಡದೆ ಕೂರುವುದಕ್ಕೆ ಈ ಭೂಮಿ ಎಷ್ಟು ದುಡಿದಿರುತ್ತದೆ ಎಂದು ಲೆಕ್ಕ ಹಾಕುತ್ತ ಹೋದಂತೆ ನನಗೆ ತಲೆ ತಿರುಗಿತು.

ದುಡ್ಡಿನ ಲೆಕ್ಕ ಬೇಗ ಮುಗಿಯುತ್ತದೆ. ವೀಸಾ, ವಿಮಾನ, ಹೋಟೆಲ್ ಎಲ್ಲ ಸೇರಿ ಇಬ್ಬರಿಗೆ ಐದು ಲಕ್ಷ ಎಂದಿಟ್ಟುಕೊಳ್ಳೋಣ. ರಾಶಿ ಇಡಿಗೆ ಕ್ವಿಂಟಾಲಿಗೆ ಐವತ್ತು ಸಾವಿರ ಹಿಡಿದರೆ ಅದು ಹತ್ತು ಕ್ವಿಂಟಾಲ್ ಅಡಿಕೆ, ಅಂದರೆ ಒಳ್ಳೆಯ ತೋಟದ ಒಂದು ಎಕರೆಯ ಬೆಳೆ. ಒಂಬತ್ತಡಿಗೆ ಒಂದರಂತೆ ನೆಟ್ಟರೆ ಎಕರೆಗೆ ಸುಮಾರು 540 ಮರ ಹಿಡಿಯುತ್ತವೆ. ಅಷ್ಟೂ ಮರಗಳು ಒಂದು ವರ್ಷದ ಮಳೆಯಲ್ಲಿ ನಿಂತು, ಕೊಳೆರೋಗವನ್ನೂ ಈಚೆಗೆ ಬಂದು ಕಾಡುತ್ತಿರುವ ಎಲೆಚುಕ್ಕಿ ರೋಗವನ್ನೂ ತಡೆದುಕೊಂಡು ಕೊಟ್ಟ ಫಸಲು ಈ ಒಂದು ವಾರಕ್ಕೆ ಸರಿಹೋಯಿತು.

ಇನ್ನು ಅವರು ಕೊಂಡ ಬಿಸಿಲು. ಜುಲೈನಲ್ಲಿ ಕ್ರೀಟಿನಲ್ಲಿ ಮಳೆ ಎಂಬುದು ಇಲ್ಲವೆಂದೇ ಹೇಳಬೇಕು, ಇಡೀ ತಿಂಗಳಿಗೆ ಒಂದೆರಡು ಮಿಲಿಮೀಟರ್. ಹಗಲು ನಮಗಿಂತ ಒಂದೂವರೆ ಗಂಟೆ ಉದ್ದ. ಚದರ ಮೀಟರಿನಷ್ಟು ಮರಳಿನ ಮೇಲೆ ದಿನಕ್ಕೆ ಬೀಳುವ ಬಿಸಿಲಿನ ಶಕ್ತಿ ಸುಮಾರು 8 ಯೂನಿಟ್. ನಮ್ಮ ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್. ಎರಡು ದೊಡ್ಡ ಟವೆಲ್ ಹಾಸಿದರೆ ನಾಲ್ಕು ಚದರ ಮೀಟರ್ ಆಯಿತು. ಏಳು ದಿನಕ್ಕೆ ಆ ಟವೆಲ್‌ಗಳ ಮೇಲೆ ಸೂರ್ಯ ಸುರಿಯುವುದು ಸುಮಾರು 220 ಯೂನಿಟ್. ಗೃಹಜ್ಯೋತಿಯಲ್ಲಿ ಒಂದು ಮನೆಗೆ ಒಂದು ತಿಂಗಳಿಗೆ ಇಟ್ಟ ಮಿತಿಯೇ 200 ಯೂನಿಟ್!

ಈ ಬಿಸಿಲನ್ನು ಕಟ್ಟುಕಟ್ಟಿ ಮಾರುವ ವ್ಯಾಪಾರ ಶುರುವಾದದ್ದು ತೀರ ಚಿಕ್ಕದಾಗಿ. 1950ರ ಮೇ ತಿಂಗಳಲ್ಲಿ ವ್ಲಾಡಿಮಿರ್ ರೈಟ್ಸ್ ಎಂಬಾತ ಲಂಡನ್ನಿನಿಂದ ಕಾರ್ಸಿಕಾ ದ್ವೀಪದ ಕಾಲ್ವಿ ಎಂಬಲ್ಲಿಗೆ ಡಕೋಟಾ ವಿಮಾನವೊಂದನ್ನು ಗೊತ್ತುಮಾಡಿ ಜನರನ್ನು ಕರೆದೊಯ್ದ. ವಿಮಾನದಲ್ಲಿ 32 ಸೀಟು. ಮಲಗಲು ಮಿಲಿಟರಿಯ ಹಳೇ ಡೇರೆ. ಪ್ರಯಾಣ, ವಸತಿ, ಊಟ ಸೇರಿ 32 ಪೌಂಡು 10 ಷಿಲಿಂಗ್. ಮೊದಲ ಬೇಸಗೆಯಲ್ಲಿ ಹೋದವರು ಮುನ್ನೂರರ ಆಸುಪಾಸು. ಯುದ್ಧ ಮುಗಿದು ಐದೇ ವರ್ಷವಾಗಿತ್ತು, ಬ್ರಿಟನ್ನಿನಲ್ಲಿ ಮಾಂಸಕ್ಕೆ ಇನ್ನೂ ರೇಷನ್ ಇತ್ತು. ಮೋಡ ಮತ್ತು ರೇಷನ್ ಎರಡರಿಂದಲೂ ಬೇಸತ್ತ ಜನಕ್ಕೆ ಆ ಡೇರೆಗಳು ಎಂಥ ಸುಖ ಕೊಟ್ಟಿರಬೇಕು ಎಂದು ಊಹಿಸಬಲ್ಲೆ. ಆಷಾಢದ ನಡುವಿನಲ್ಲಿ ಒಲೆಯ ಮೇಲೆ ಬಟ್ಟೆ ಒಣಗಿಸಿಕೊಂಡ ಮಲೆನಾಡಿನ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ 32 ಸೀಟು ಈಗ ಏನಾಗಿದೆ? 2024ರಲ್ಲಿ ಸ್ಪೇನ್ ಒಂದೇ ದೇಶಕ್ಕೆ ಬಂದ ವಿದೇಶಿ ಪ್ರವಾಸಿಗರು 9 ಕೋಟಿ 38 ಲಕ್ಷ. 2011ರ ಗಣತಿಯಲ್ಲಿ ಇಡೀ ಕರ್ನಾಟಕದ ಜನ 6 ಕೋಟಿ 11 ಲಕ್ಷ. ಬೆನಿಡಾರ್ಮ್ ಎಂಬ ಸ್ಪೇನಿನ ಹಳೆಯ ಮೀನುಗಾರರ ಊರಿನಲ್ಲಿ 186 ಮೀಟರ್ ಎತ್ತರದ ಹೋಟೆಲ್ ನಿಂತಿದೆ. ನಮ್ಮ ಭದ್ರಾ ಜಲಾಶಯ ತುಂಬಿತು ಎಂದು ಪತ್ರಿಕೆಗಳು ಬರೆಯುವುದು ನೀರು 186 ಅಡಿ ಮುಟ್ಟಿದಾಗ. ಅಂಕಿ ಒಂದೇ, ಆದರೆ ಅಲ್ಲಿನದು ಮೀಟರಿನಲ್ಲಿ. ಮಾಲ್ಟಾ ದೇಶವನ್ನು ತೆಗೆದುಕೊಳ್ಳಿ: ವಿಸ್ತೀರ್ಣ 316 ಚದರ ಕಿಲೋಮೀಟರ್. ಚಿಕ್ಕಮಗಳೂರು ಜಿಲ್ಲೆಯ ಪುಟ್ಟ ಶೃಂಗೇರಿ ತಾಲೂಕು ಅದಕ್ಕಿಂತ ದೊಡ್ಡದು, ಸುಮಾರು 440 ಚದರ ಕಿಲೋಮೀಟರ್. ಆ ಮಾಲ್ಟಾಕ್ಕೆ 2024ರಲ್ಲಿ ಬಂದ ಪ್ರವಾಸಿಗರು 35 ಲಕ್ಷ ಮಂದಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲೂಕಿನ ಜನರನ್ನು ಒಟ್ಟು ಹಾಕಿದರೂ 2011ರ ಲೆಕ್ಕದಲ್ಲಿ ಎರಡು ಲಕ್ಷ ದಾಟುವುದಿಲ್ಲ. ಮಾಲ್ಟಾದಲ್ಲಿ ಹೇಳಿಕೊಳ್ಳುವಂಥ ನದಿಯಿಲ್ಲ. ಕುಡಿಯುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಸಮುದ್ರದ ಉಪ್ಪು ತೆಗೆದು ತಯಾರಿಸಬೇಕು. ಬಂದವರ ಸ್ನಾನಕ್ಕೂ, ಈಜುಕೊಳಕ್ಕೂ, ಟವೆಲ್ ಒಗೆಯುವುದಕ್ಕೂ ಅದೇ ನೀರು.

ಈಗ ನಮ್ಮ ದಂಪತಿ ಬೀಗ ಹಾಕಿ ಬಂದ ಮನೆಗೆ ಮರಳೋಣ. ಅಂಗಳದ ಮೂಲೆಯಲ್ಲಿ ಒಂದು ಮಳೆ ಮಾಪಕ ಇದೆ. ಮಲೆನಾಡಿನ ಅನೇಕ ತೋಟದ ಮನೆಗಳಲ್ಲಿ ಇರುತ್ತದೆ. ಬೆಳಿಗ್ಗೆ ಎಂಟೂವರೆಗೆ ಮನೆಯ ಹಿರಿಯರು ತಲೆಗೆ ಏನಾದರೂ ಹೊದ್ದುಕೊಂಡು ಹೋಗಿ, ಡಬ್ಬಿಯ ನೀರನ್ನು ಗೆರೆ ಕೊರೆದ ಗಾಜಿನ ಲೋಟಕ್ಕೆ ಬಗ್ಗಿಸುತ್ತಾರೆ. ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುತ್ತಾರೆ, ಹಳೆಯ ಡೈರಿಯಲ್ಲಿ ಆ ದಿನದ ಅಂಕಿ ಬರೆಯುತ್ತಾರೆ. ಆಮೇಲೆ ಫೋನು: “ನಿಮ್ಮಲ್ಲಿ ಎಷ್ಟು ಇಂಚು ಮಾರಾಯ್ರೆ?” ಸರ್ಕಾರಿ ಲೆಕ್ಕ ಮಿಲಿಮೀಟರಿಗೆ ಬದಲಾಗಿ ಎಷ್ಟೋ ಕಾಲವಾಯಿತು. ಮಲೆನಾಡಿನ ಬಾಯಲ್ಲಿ ಮಳೆ ಈಗಲೂ ಇಂಚಿನಲ್ಲೇ ಬೀಳುತ್ತದೆ. ಇಂಥ ಡೈರಿಗಳನ್ನು ತಲೆಮಾರುಗಳಿಂದ ಇಟ್ಟುಕೊಂಡು ಬಂದ ಮನೆಗಳ ಬಗ್ಗೆ ನನಗೆ ತುಂಬ ಗೌರವ.

ಶೃಂಗೇರಿ ತಾಲೂಕಿನ ವರ್ಷದ ಸರಾಸರಿ ಮಳೆ ಮೂರೂವರೆ ಮೀಟರ್ ದಾಟುತ್ತದೆ. ಕೆರೆಕಟ್ಟೆ, ಕಿಗ್ಗದ ಕಡೆ ಇನ್ನೂ ಜೋರು. ಮಳೆ ಬೇಕು ಎಂದೂ, ಇನ್ನು ಸಾಕು ಎಂದೂ ನಾಡಿನವರು ಹೋಗಿ ಬೇಡಿಕೊಳ್ಳುವ ಋಷ್ಯಶೃಂಗೇಶ್ವರ ಇರುವುದು ಆ ಕಿಗ್ಗದಲ್ಲೇ. ಹತ್ತಿರದ ಆಗುಂಬೆಯಲ್ಲಿ 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಬಿದ್ದದ್ದು 4,508 ಮಿಲಿಮೀಟರ್. ಅಥೆನ್ಸ್ ನಗರಕ್ಕೆ ವರ್ಷಕ್ಕೆ ಬರುವುದು ಹೆಚ್ಚುಕಡಿಮೆ 400. ಅಲ್ಲಿಯ ಹನ್ನೊಂದು ವರ್ಷದ ಮಳೆ ಇಲ್ಲಿ ಮೂವತ್ತೊಂದು ದಿನಕ್ಕೆ ಸುರಿದು ಹೋಯಿತು. ಅದೇ ನರಸಿಂಹರಾಜಪುರದ ಕಡೆ ಇಳಿದು ಹೋಗಿ, ಮಳೆ ಶೃಂಗೇರಿಯ ಅರ್ಧಕ್ಕೂ ಕೆಳಗೆ ಬಂದುಬಿಡುತ್ತದೆ. ಬಸ್ಸಿನಲ್ಲಿ ಒಂದೆರಡು ಗಂಟೆ ಕೂತರೆ ಮಳೆನಾಡು ಮುಗಿದು ಬೇರೆಯದೇ ಸೀಮೆ ಶುರುವಾಗುತ್ತದೆ.

ಮೂರೂವರೆ ಮೀಟರ್ ಎಂದರೆ ಒಂದು ಎಕರೆ ತೋಟದ ಮೇಲೆ 1 ಕೋಟಿ 40 ಲಕ್ಷ ಲೀಟರ್ ನೀರು. ಶೃಂಗೇರಿ ತಾಲೂಕು ಪೂರ್ತಿ ಹಿಡಿದರೆ ಸುಮಾರು 55 ಟಿಎಂಸಿ. ಕನ್ನಂಬಾಡಿ ಕಟ್ಟೆ ಅಂಚಿನವರೆಗೆ ತುಂಬಿದಾಗ ಹಿಡಿಯುವುದು 49.45 ಟಿಎಂಸಿ. ಎರಡು ರಾಜ್ಯಗಳು ಯಾವ ಕಟ್ಟೆಯ ನೀರಿಗಾಗಿ ದಶಕಗಳಿಂದ ಕೋರ್ಟು ಹತ್ತಿವೆಯೋ ಅದರಷ್ಟನ್ನು, ಮೇಲೆ ಇನ್ನಷ್ಟನ್ನು, ಈ ಪುಟ್ಟ ತಾಲೂಕಿನ ಆಕಾಶ ಪ್ರತಿವರ್ಷ ಇಳಿಸುತ್ತದೆ.

ನನ್ನನ್ನು ನಿಜಕ್ಕೂ ಅಲುಗಾಡಿಸಿದ ಲೆಕ್ಕ ಇದರ ಮುಂದಿನದು. ಅಡಿಕೆ ಬೇಯಿಸುವ ಹಂಡೆಯನ್ನು ನೋಡಿದವರಿಗೆ ಗೊತ್ತು, ನೀರು ಕುದಿ ಹತ್ತುವವರೆಗಿನ ಸೌದೆ ಒಂದು ಪಾಲಾದರೆ, ಕುದಿದು ಆವಿಯಾಗಿ ಹೋಗುವ ನೀರು ತಿನ್ನುವ ಸೌದೆ ಅದರ ಎಷ್ಟೋ ಪಾಲು. ಸಮುದ್ರದ ಮೇಲೂ ಇದೇ. ಒಂದು ಲೀಟರ್ ನೀರು ಆವಿಯಾಗಬೇಕಾದರೆ ಸೂರ್ಯ ಸುಮಾರು 0.68 ಯೂನಿಟ್ ಶಾಖ ಕೊಡಬೇಕು. ಆ ಶಾಖ ಎಲ್ಲಿಗೂ ಹೋಗುವುದಿಲ್ಲ. ಆವಿಯೊಳಗೇ ಅಡಗಿ ಕೂತು, ಆವಿ ತಣಿದು ಮೋಡದ ಹನಿಯಾಗುವ ಗಳಿಗೆಯಲ್ಲಿ ಸುತ್ತಲ ಗಾಳಿಗೆ ಬಿಡುಗಡೆಯಾಗುತ್ತದೆ. ಅಂದರೆ ಪ್ರತಿ ಲೀಟರ್ ಮಳೆಗೂ ಮೇಲೆ ಮೋಡದಲ್ಲಿ 0.68 ಯೂನಿಟ್ ಬಿಸಿ ಬಿಚ್ಚಿಕೊಂಡಿದೆ.

ಆ ಎರಡು ಟವೆಲ್‌ಗಳನ್ನು ಕ್ರೀಟಿನಿಂದ ತಂದು ಜುಲೈನ ಶೃಂಗೇರಿಯ ಅಂಗಳದಲ್ಲಿ ಹಾಸೋಣ. ದಿನಕ್ಕೆ 40 ಮಿಲಿಮೀಟರ್ ಮಳೆ ಹಿಡಿಯಿರಿ. ಪುನರ್ವಸು, ಪುಷ್ಯ ಮಳೆಯಲ್ಲಿ ಅದೇನೂ ದೊಡ್ಡದಲ್ಲ. ಏಳು ದಿನಕ್ಕೆ ನಾಲ್ಕು ಚದರ ಮೀಟರಿನ ಮೇಲೆ 1,120 ಲೀಟರ್. ಅದು ಮೇಲೆ ಬಿಟ್ಟು ಬಂದ ಶಾಖ 760 ಯೂನಿಟ್. ಕ್ರೀಟಿನ ಬಿಸಿಲು ಕೊಟ್ಟದ್ದು 220! ಮಳೆಗಾಲದ ಒಂದು ವಾರದ ಅಂಕಿಯಲ್ಲವೇ ಎನ್ನಬಹುದು. ಹಾಗಾದರೆ ಇಡೀ ವರ್ಷದ್ದನ್ನು ನೋಡಿ. ಕ್ರೀಟಿನ ತೀರದ ಒಂದು ಚದರ ಮೀಟರಿಗೆ ಬೇಸಗೆ, ಚಳಿಗಾಲ ಎಲ್ಲ ಸೇರಿ ಬೀಳುವ ಬಿಸಿಲು ಸುಮಾರು 1,900 ಯೂನಿಟ್. ಶೃಂಗೇರಿಯ ಒಂದು ಚದರ ಮೀಟರಿಗೆ ಬೀಳುವ ಮಳೆ ಮೇಲೆ ಬಿಡಿಸಿ ಬಂದದ್ದು 2,380 ಯೂನಿಟ್.

ಬಿಸಿಲು ಹುಡುಕಿಕೊಂಡು ಐದೂವರೆ ಸಾವಿರ ಕಿಲೋಮೀಟರ್ ಹಾರಿ ಹೋದವರ ತೋಟಕ್ಕೆ, ಬಿಸಿಲ ನಾಡಿಗಿಂತ ಹೆಚ್ಚು ಸೂರ್ಯನ ಶಾಖ ಮಳೆಯ ರೂಪದಲ್ಲಿ ಬಂದಿದೆ. ಭೂಮಧ್ಯರೇಖೆಯ ಆಚೆಗಿನ ಹಿಂದೂ ಮಹಾಸಾಗರದ ಮೇಲೆ, ಅರಬ್ಬಿ ಸಮುದ್ರದ ಮೇಲೆ ಬಿದ್ದ ಬಿಸಿಲು ಅದು. ಸೊಮಾಲಿಯಾ ತೀರವನ್ನು ಬಳಸಿ ಬರುವ ಗಾಳಿ ಅದನ್ನು ಆವಿಯಾಗಿ ಹೊತ್ತು ತಂದು ನಮ್ಮ ಘಟ್ಟಕ್ಕೆ ಅಪ್ಪಳಿಸುತ್ತದೆ. ಶೃಂಗೇರಿ ತಾಲೂಕಿನ ಒಂದು ವರ್ಷದ ಮಳೆ ಬಿಡಿಸುವ ಶಾಖವನ್ನು ಒಟ್ಟು ಹಾಕಿದರೆ ಒಂದು ಲಕ್ಷ ಕೋಟಿ ಯೂನಿಟ್. ಇಡೀ ಭಾರತ ವರ್ಷವೊಂದರಲ್ಲಿ ಈಗ ಉತ್ಪಾದಿಸುವ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು! ಮೂರು ಸಲ ಗುಣಿಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಅತ್ತ ಮೆಡಿಟರೇನಿಯನ್ನಿನ ಕತೆ ಉಲ್ಟಾ. ಅದು ಕಳೆದುಕೊಳ್ಳುವ ಸಮುದ್ರ. ಇಪ್ಪತ್ತೈದು ಲಕ್ಷ ಚದರ ಕಿಲೋಮೀಟರ್ ಹರವು, ವರ್ಷಕ್ಕೆ ಒಂದು ಮೀಟರಿಗಿಂತ ಹೆಚ್ಚು ನೀರು ಆವಿಯಾಗಿ ಹೋಗುತ್ತದೆ. ಒಂದೇ ಮೀಟರ್ ಎಂದು ಹಿಡಿದರೂ ದಿನಕ್ಕೆ 240 ಟಿಎಂಸಿ. ನರಸಿಂಹರಾಜಪುರದವರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ತಮ್ಮ ಹೊಲ ಗದ್ದೆಗಳನ್ನು ನುಂಗಿದ ಭದ್ರೆಯ ಹಿನ್ನೀರಿನ ಅಷ್ಟೂ ನೀರನ್ನು, 71.5 ಟಿಎಂಸಿಯನ್ನು, ದಿನಕ್ಕೆ ಮೂರು ಸಲ ಖಾಲಿ ಮಾಡಿದಷ್ಟು. ಅಲ್ಲಿಯ ಮಳೆ ಮತ್ತು ನದಿಗಳಿಗೆ ಇದನ್ನು ತುಂಬಿಕೊಡುವ ಶಕ್ತಿಯಿಲ್ಲ. ಜಿಬ್ರಾಲ್ಟರ್ ಎಂಬ ಹದಿನಾಲ್ಕು ಕಿಲೋಮೀಟರಿನ ಕಂಡಿಯಿಂದ ಅಟ್ಲಾಂಟಿಕ್ ಸಾಗರ ಒಳಹರಿಯುತ್ತಿರುವುದರಿಂದ ಸಮುದ್ರ ಉಳಿದಿದೆ. ಸುಮಾರು ಅರವತ್ತು ಲಕ್ಷ ವರ್ಷಗಳ ಹಿಂದೆ ಆ ಸಂಪರ್ಕ ಮುಚ್ಚುತ್ತ ಬಂದಾಗ ಸಮುದ್ರದ ಬಹುಪಾಲು ಬತ್ತಿಹೋಯಿತು. ಆಗ ಕೂತ ಉಪ್ಪಿನ ಪದರ ತಳದಲ್ಲಿ ಇವತ್ತಿಗೂ ಇದೆ, ಕೆಲವು ಕಡೆ ಒಂದು ಕಿಲೋಮೀಟರಿಗೂ ಹೆಚ್ಚು ದಪ್ಪ.

ಇಷ್ಟು ದೂರದ, ಇಷ್ಟು ವಿರುದ್ಧದ ಎರಡು ಸೀಮೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇವೆ ಎಂದುಕೊಂಡರೆ ತಪ್ಪು. 1996ರಲ್ಲಿ ಮಾರ್ಕ್ ರಾಡ್‌ವೆಲ್ ಮತ್ತು ಬ್ರಯಾನ್ ಹಾಸ್ಕಿನ್ಸ್ ಎಂಬ ಬ್ರಿಟನ್ನಿನ ಹವಾಮಾನ ವಿಜ್ಞಾನಿಗಳು ಒಂದು ಸಂಶೋಧನೆ ಪ್ರಕಟಿಸಿದರು. ದಕ್ಷಿಣ ಏಷ್ಯಾದ ಮಾನ್ಸೂನ್ ಮಳೆ ಬಿಡಿಸುವ ಈ ಅಗಾಧ ಶಾಖ ಗಾಳಿಯನ್ನು ಮೇಲಕ್ಕೆ ಎಬ್ಬಿಸುತ್ತದೆ, ಅದರಿಂದ ಹುಟ್ಟುವ ದೊಡ್ಡ ಅಲೆಯೊಂದು ವಾಯುಮಂಡಲದಲ್ಲಿ ಪಶ್ಚಿಮಕ್ಕೆ ಸಾಗುತ್ತದೆ. ಆ ಅಲೆ ಪಶ್ಚಿಮದಿಂದ ಬೀಸುವ ಗಾಳಿಯೊಂದಿಗೆ ಕೂಡಿದಾಗ ಪೂರ್ವ ಮೆಡಿಟರೇನಿಯನ್ನಿನ ಮೇಲೆ ಗಾಳಿ ಕೆಳಕ್ಕೆ ಕುಸಿಯುತ್ತದೆ. ಇಳಿಯುವ ಗಾಳಿ ಬಿಸಿಯಾಗಿ ಒಣಗುತ್ತದೆ, ಅಲ್ಲಿ ಮೋಡ ಕಟ್ಟುವುದಿಲ್ಲ. ಬೇಸಗೆಯಲ್ಲಿ ಆ ಸಮುದ್ರದ ಆಕಾಶ ತಿಂಗಳುಗಟ್ಟಲೆ ನೀಲಿಯಾಗಿ ಉಳಿಯಲು ಇದೊಂದೇ ಕಾರಣವಲ್ಲ, ಆದರೆ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಭಾರತದ ಮಳೆ ಹಿಡಿಯುವುದೂ ಅಲ್ಲಿಯ ಗಾಳಿ ಇಳಿಯತೊಡಗುವುದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ.

ಕ್ರೀಟಿನ ಮರಳಿನಲ್ಲಿ ಒರಗಿ ಕೂತ ಈ ಇಬ್ಬರ ತಲೆಯ ಮೇಲೆ ಮೋಡವಿಲ್ಲದಿರುವುದಕ್ಕೆ, ಊರಿನಲ್ಲಿ ಅವರ ಹೆಂಚಿನ ಮೇಲೆ ಹಗಲಿರುಳು ಬಾರಿಸುತ್ತಿರುವ ಮಳೆಯೂ ತನ್ನ ಪಾಲನ್ನು ಕೊಟ್ಟಿದೆ. ಶೃಂಗೇರಿಯ ಪಾಲು ಚಿಕ್ಕದು, ನಿಜ. ಕೇರಳದಿಂದ ಬಂಗಾಳ ಕೊಲ್ಲಿಯವರೆಗಿನ ಇಡೀ ಮಾನ್ಸೂನು ಸೇರಿ ಆ ಕೆಲಸ ಆಗುವುದು. ಆದರೂ 540 ಅಡಿಕೆ ಮರ ನೆನೆದದ್ದು ಅವರ ಟಿಕೆಟ್ಟಿಗಷ್ಟೇ ಅಲ್ಲ, ಅವರು ನೋಡುತ್ತಿರುವ ಆ ನೀಲಿ ಆಕಾಶಕ್ಕೂ ಸಂದಿದೆ ಎಂಬುದು ನನಗೆ ಬಹಳ ದೊಡ್ಡ ಮಾತು. ಜುಲೈ, ಆಗಸ್ಟಿನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಒಣ ಗಾಳಿಯೊಂದು ಬೀಸುತ್ತದೆ. ಗ್ರೀಕರು ಅದನ್ನು ಮೆಲ್ತೆಮಿ ಎನ್ನುತ್ತಾರೆ, ಜೋರಾದರೆ ದ್ವೀಪಗಳ ನಡುವಿನ ದೋಣಿಗಳು ನಿಲ್ಲುತ್ತವೆ. ಆ ಗಾಳಿಯ ಏರಿಳಿತಕ್ಕೂ ನಮ್ಮ ಮಾನ್ಸೂನಿನ ಏರಿಳಿತಕ್ಕೂ ಇರುವ ನಂಟನ್ನು ವಿಜ್ಞಾನಿಗಳು ಈಗ ಬಿಡಿಸಿ ನೋಡುತ್ತಿದ್ದಾರೆ. ದಂಪತಿ ಊರಿಗೆ ಮರಳಿ, ಮಳೆ ಒಂದಿಷ್ಟು ಹೊಳವು ಕೊಟ್ಟ ದಿನ ನೋಡಿ ಎರಡನೇ ಔಷಧಿಗೆ ಮೈಲುತುತ್ತ, ಸುಣ್ಣ ಕಲಸಿಡುವ ಹೊತ್ತಿಗೆ ಮೆಲ್ತೆಮಿ ಅಲ್ಲಿ ತನ್ನ ಪೂರ್ತಿ ಬಿರುಸಿನಲ್ಲಿರುತ್ತದೆ.