ನಾರುಹುಣ್ಣು ಹೋಯಿತು, ಕೊಕ್ಕೆಹುಳು ಉಳಿಯಿತು

ಮಕ್ಕಳೇ, ನಿಮ್ಮ ಮನೆಯಲ್ಲಿ ರಾಯಚೂರು, ಗುಲ್ಬರ್ಗ, ವಿಜಾಪುರದ ಕಡೆ ಬೆಳೆದ ಅಜ್ಜ-ಅಜ್ಜಿ ಇದ್ದರೆ ಒಂದು ಪ್ರಶ್ನೆ ಕೇಳಿ ನೋಡಿ: ‘ನಾರುಹುಣ್ಣು ಎಂದರೇನು?’ ಹೆಸರು ಕೇಳಿದ ಕೂಡಲೇ ಅವರ ಮುಖ ಸಿಂಡರಿಸುವುದನ್ನು ನೋಡುವಿರಿ. ನಿಮಗೆ ಆ ಹೆಸರೇ ಗೊತ್ತಿಲ್ಲ. ಗೊತ್ತಿಲ್ಲದಿರುವುದು ಒಳ್ಳೆಯದೇ!

ನಾರುಹುಣ್ಣು ಒಂದು ಹುಳುವಿನಿಂದ ಬರುವ ರೋಗ. ಮೊದಲು ಕಾಲಿನ ಮೇಲೆ ಒಂದು ಬೊಕ್ಕೆ ಏಳುತ್ತದೆ. ಬೆಂಕಿ ತಗುಲಿದಂಥ ಉರಿ. ಬೊಕ್ಕೆ ಒಡೆದರೆ ಒಳಗಿನಿಂದ ಬಿಳಿ ದಾರದಂಥ ಹುಳುವಿನ ತುದಿ ಹೊರಗೆ ಇಣುಕುತ್ತದೆ. ಅದರ ಉದ್ದ ಎಷ್ಟೆನ್ನುತ್ತೀರಿ? ಎರಡರಿಂದ ಮೂರು ಅಡಿ! ಎಳೆದು ತೆಗೆಯೋಣವೆಂದರೆ ಒಳಗೇ ತುಂಡಾಗಿ ಕಾಲು ಕೀವುಗಟ್ಟುತ್ತದೆ. ಅದಕ್ಕೇ ಒಂದು ಸಣ್ಣ ಕಡ್ಡಿಗೆ ತುದಿಯನ್ನು ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ, ವಾರಗಟ್ಟಲೆ ನಿಧಾನವಾಗಿ ಹೊರಗೆ ಸುತ್ತಿಕೊಳ್ಳಬೇಕಿತ್ತು. ಬೇರೆ ಉಪಾಯವಿರಲಿಲ್ಲ. ಈ ಹುಳುವನ್ನು ಕೊಲ್ಲುವ ಔಷಧಿಯಾಗಲಿ ತಡೆಯುವ ಲಸಿಕೆಯಾಗಲಿ ಇವತ್ತಿಗೂ ಇಲ್ಲ.

1970ರ ದಶಕದ ಕೊನೆಯಲ್ಲಿ ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತನಾಗಿದ್ದೆ. ಬೆಳೆಸಾಲದ ಲೆಡ್ಜರು ನನ್ನ ಮೇಜಿನ ಮೇಲಿತ್ತು. ಬಾಕಿ ಏಕೆ ಉಳಿಯಿತೆಂದು ಕೇಳಿದರೆ ಮಳೆ ಇಲ್ಲ, ಬೆಲೆ ಇಲ್ಲ ಎನ್ನುವವರ ನಡುವೆ ‘ಹುಣ್ಣಾಗಿತ್ರಿ, ಹೊಲಕ್ಕ ಹೋಗಾಕ ಆಗಲಿಲ್ಲ’ ಎನ್ನುವವರೂ ಇರುತ್ತಿದ್ದರು. ಮೈಸೂರು ಕಡೆಯವನಾದ ನನಗೆ ಒಂದು ಹುಣ್ಣಿಗೆ ಇಡೀ ಹಂಗಾಮು ಹಾಳಾಗುವುದು ಹೇಗೆಂದು ಅರ್ಥವಾಗುತ್ತಿರಲಿಲ್ಲ. ಒಮ್ಮೆ ಒಬ್ಬ ರೈತ ಪಂಚೆ ಸರಿಸಿ, ಹರಡಿನ ಬಳಿ ಕಟ್ಟಿದ್ದ ಬೆಂಕಿಕಡ್ಡಿಯನ್ನೂ ಅದಕ್ಕೆ ಸುತ್ತಿದ್ದ ಹುಳುವನ್ನೂ ತೋರಿಸಿದ. ಅಂದಿನಿಂದ ಆ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ಆಫ್ರಿಕದ ಮಾಲಿ ದೇಶದಲ್ಲಿ ಇದಕ್ಕೆ ‘ಬರಿದಾದ ಕಣಜದ ರೋಗ’ ಎಂಬ ಹೆಸರಿದೆಯೆಂದು ಆಮೇಲೆ ಓದಿದೆ. ಎಂಥ ಸರಿಯಾದ ಹೆಸರು!

ಈ ಹುಳು ದೇಹದೊಳಕ್ಕೆ ಬರುತ್ತಿದ್ದದ್ದು ನೀರಿನಿಂದ. ಆಗ ಎಷ್ಟೋ ಊರುಗಳಲ್ಲಿ ಕುಡಿಯುವ ನೀರಿಗೆ ಮೆಟ್ಟಿಲು ಬಾವಿ. ಕೊಡ ಹಿಡಿದು ಕೆಳಗಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ತುಂಬಿಕೊಳ್ಳುವುದು. ಹುಣ್ಣಿನ ಕಾಲು ತಣ್ಣೀರಿಗೆ ತಾಗಿದರೆ ಉರಿ ಕಡಿಮೆಯಾಗುತ್ತಿತ್ತು. ಹುಳು ಕಾಯುತ್ತಿದ್ದದ್ದೂ ಅದನ್ನೇ. ಆ ಕ್ಷಣದಲ್ಲಿ ಅದು ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತಿತ್ತು. ಸೈಕ್ಲಾಪ್ಸ್ ಎಂಬ, ಸಾಸಿವೆಗಿಂತಲೂ ಚಿಕ್ಕದಾದ ನೀರುಜೀವಿ ಆ ಮರಿಗಳನ್ನು ನುಂಗುತ್ತಿತ್ತು. ಆ ನೀರನ್ನು ಕುಡಿದವರ ಮೈಯೊಳಗೆ ಹುಳು ಒಂದು ವರ್ಷ ಸದ್ದಿಲ್ಲದೆ ಬೆಳೆದು, ಮರುವರ್ಷ ಕಾಲಿನಿಂದ ಹೊರಬರುತ್ತಿತ್ತು. ಕುಡಿದದ್ದು ಬೇಸಿಗೆಯ ತಳ ಕಂಡ ಬಾವಿಯ ನೀರಾದ್ದರಿಂದ, ಹೊರಬರುವ ಹೊತ್ತಿಗೆ ಸರಿಯಾಗಿ ಹೊಲದ ಕೆಲಸದ ಕಾಲ. ಲೆಡ್ಜರಿನ ಬಾಕಿಗೆ ಇದೇ ಕಾರಣ.

ಭಾರತ ಸರ್ಕಾರ 1983-84ರಲ್ಲಿ ಇದರ ನಿರ್ಮೂಲನಕ್ಕೆ ಕಾರ್ಯಕ್ರಮ ಆರಂಭಿಸಿತು. ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳು ಸಿಕ್ಕರು. ಔಷಧಿಯಿಲ್ಲದ ರೋಗಕ್ಕೆ ಮಾಡಿದ್ದೇನು? ಮೊದಲು ಎಣಿಸಿದರು. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ವಿಚಾರಿಸಿದರು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾಡಿದರು, ಕೊಳವೆಬಾವಿ ಕೊರೆದು ಕೈಪಂಪು ಹಾಕಿದರು, ನೀರಿಗೆ ಸೈಕ್ಲಾಪ್ಸ್ ಸಾಯುವ ಮದ್ದು ಹಾಕಿದರು. ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ಕೊಡದ ಬಾಯಿಗೆ ಒತ್ತಾದ ಬಟ್ಟೆ ಕಟ್ಟಿ ನೀರು ಸೋಸುವುದು. ಇದನ್ನು ಪ್ರತಿದಿನ ತಪ್ಪದೆ ಮಾಡಿದವರು ಮನೆಯ ಹೆಂಗಸರು. ನನ್ನ ಲೆಕ್ಕದಲ್ಲಿ ಅರ್ಧ ಶ್ರೇಯ ಅವರದು. ದೇಶದ ಕೊನೆಯ ರೋಗಿ ಕಂಡುಬಂದದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ಘೋಷಿಸಿತು. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ರೋಗಿಗಳಿದ್ದರು. 2023ರಲ್ಲಿ ಕೇವಲ 14.

ಹಾಗಾದರೆ ಹಳ್ಳಿಗಳಲ್ಲಿ ಹುಳುಗಳ ಕಾಟ ಮುಗಿಯಿತೇ? ಇಲ್ಲ. ನೀರಿನ ಹುಳು ಹೋಯಿತು, ಮಣ್ಣಿನ ಹುಳುಗಳು ಉಳಿದಿವೆ: ದುಂಡುಹುಳು, ಚಾಟಿಹುಳು, ಕೊಕ್ಕೆಹುಳು. ಜಗತ್ತಿನಲ್ಲಿ ಸುಮಾರು 150 ಕೋಟಿ ಜನರ ಹೊಟ್ಟೆಯಲ್ಲಿ ಇವು ವಾಸವಾಗಿವೆ. ಬಯಲು ಶೌಚದಿಂದ ಮೊಟ್ಟೆಗಳು ಮಣ್ಣಿಗೆ ಸೇರುತ್ತವೆ. ದುಂಡುಹುಳುವಿನ ಮತ್ತು ಚಾಟಿಹುಳುವಿನ ಮೊಟ್ಟೆ ತೊಳೆಯದ ಕೈ, ತೊಳೆಯದ ತರಕಾರಿಯ ಮೂಲಕ ಬಾಯಿಗೆ ಬರುತ್ತದೆ. ಕೊಕ್ಕೆಹುಳುವಿಗೆ ಬಾಯಿಯೇ ಬೇಡ. ಒದ್ದೆ ಮಣ್ಣಿನಲ್ಲಿ ಬರಿಗಾಲಿನಲ್ಲಿ ನಿಂತರೆ ಅದರ ಮರಿ ಚರ್ಮ ಕೊರೆದು ಒಳಹೊಕ್ಕು, ರಕ್ತದ ಜೊತೆ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಏರಿ, ಕರುಳಿಗೆ ಇಳಿದು ರಕ್ತ ಹೀರುತ್ತ ಕೂರುತ್ತದೆ.

ವಿಚಿತ್ರ ನೋಡಿ. ಔಷಧಿಯಿಲ್ಲದ ನಾರುಹುಳು ಹೋಯಿತು. ಒಂದೇ ಮಾತ್ರೆಯಿಂದ ಹೊರಹೋಗಬಲ್ಲ ಹುಳುಗಳು ಉಳಿದುಕೊಂಡವು. ನಾರುಹುಳು ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಯಾರು ಬೇಕಾದರೂ ಬೆರಳಿಟ್ಟು ಎಣಿಸಬಹುದಿತ್ತು. ಕೊಕ್ಕೆಹುಳು ಒಂದು ಸೆಂಟಿಮೀಟರು ಉದ್ದದ್ದು, ಕರುಳಿನಲ್ಲಿ ಅಡಗಿರುತ್ತದೆ. ಹೊರಗೆ ಕಾಣುವುದು ಬಿಳಿಚಿದ ಮುಖ, ಏದುಸಿರು, ತರಗತಿಯಲ್ಲಿ ತೂಕಡಿಕೆ. ಅದನ್ನು ನಾವು ‘ಸೋಮಾರಿ ಹುಡುಗ’ ಎಂದು ಬೈದು ಮುಗಿಸುತ್ತೇವೆ! ಇನ್ನೊಂದು ತೊಡಕೂ ಇದೆ. ಮಾತ್ರೆ ಹೊಟ್ಟೆಯ ಹುಳುವನ್ನು ಕೊಲ್ಲುತ್ತದೆ, ಅಂಗಳದ ಮಣ್ಣನ್ನು ಶುದ್ಧ ಮಾಡುವುದಿಲ್ಲ. ಅದೇ ಮಣ್ಣು, ಅದೇ ಬರಿಗಾಲು ಆದರೆ ಹುಳು ಮತ್ತೆ ಬರುತ್ತದೆ. ಅಂಗಡಿಯಲ್ಲಿ ಬಾಕಿ ತೀರಿಸಿ ಮರುದಿನವೇ ಹೊಸ ಸಾಲ ಬರೆಸಿದ ಹಾಗೆ.

ಆದ್ದರಿಂದಲೇ ಶಾಲೆ, ಅಂಗನವಾಡಿಗಳಲ್ಲಿ ಫೆಬ್ರವರಿ 10 ಮತ್ತು ಆಗಸ್ಟ್ 10ರಂದು, ವರ್ಷಕ್ಕೆ ಎರಡು ಸಲ, ಜಂತುಹುಳು ನಿವಾರಣಾ ದಿನ ಮಾಡುವುದು. 2015ರಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಎರಡು ವರ್ಷದೊಳಗಿನವರಿಗೆ ಅರ್ಧ, ಉಳಿದವರಿಗೆ ಒಂದು. ಗುಳುಂ ಎನ್ನಿಸದೆ ಜಗಿದು ನುಂಗಬೇಕು. ಹೊಟ್ಟೆಯಲ್ಲಿ ಹುಳು ಹೆಚ್ಚಿದ್ದವರಿಗೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರಬಹುದು, ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ಇದನ್ನು ಕೇಳಿಯೇ ಕೆಲವು ಅಜ್ಜಿಯರು ಆ ದಿನ ಮೊಮ್ಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲವಂತೆ. ಕಳಿಸಿ ಅಜ್ಜಿ! ಜ್ವರವೋ ಬೇರೆ ಕಾಯಿಲೆಯೋ ಇದ್ದರೆ ಮಾತ್ರ ಮೇಷ್ಟ್ರಿಗೆ ಮೊದಲೇ ಹೇಳಿ, ಅಂದು ಮಾತ್ರೆ ಕೊಡುವುದಿಲ್ಲ. ಅಂಥವರಿಗೂ ಗೈರುಹಾಜರಾದವರಿಗೂ ಸುಮಾರು ಒಂದು ವಾರದ ನಂತರ ಇನ್ನೊಂದು ದಿನ ಗೊತ್ತುಮಾಡಿರುತ್ತಾರೆ.