ಈಜಿನ ಮೊದಲ ಪಾಠ ಉಸಿರಾಟ

ಬೇಸಿಗೆ ರಜೆ ಬಂತೆಂದರೆ ಮಕ್ಕಳ ಮನಸ್ಸು ನೀರಿನ ಕಡೆಗೇ ಓಡುತ್ತದೆ. ಕುನ್ನತ್ತೂರಿನಂಥ ಒಣ ಸೀಮೆಯಲ್ಲಿ ತೋಟದ ತೆರೆದ ಬಾವಿಯೇ ಹಿಂದಿನವರ ಈಜುಕೊಳ. ಮಗುವಿನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ಅಪ್ಪನೋ ಚಿಕ್ಕಪ್ಪನೋ ಮೆಟ್ಟಿಲ ಮೇಲೆ ನಿಂತು ಹಿಡಿದಿರುತ್ತಿದ್ದರು. ಕರ್ನಾಟಕದ ಹಳ್ಳಿಗಳಲ್ಲೂ ಹೀಗೆಯೇ ಕಲಿಯುತ್ತಿದ್ದರು. ಇಂದು ಸೋರೆಬುರುಡೆ ಕಾಣೆಯಾಗಿದೆ, ಹಗ್ಗ ಹಿಡಿಯುವವರಿಗೆ ಪುರುಸೊತ್ತಿಲ್ಲ. ಬಾವಿ, ಕೆರೆ, ಕಾಲುವೆ, ಕೃಷಿಹೊಂಡಗಳು ಮಾತ್ರ ಹಾಗೆಯೇ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಸುಮಾರು ಕಾಲು ಭಾಗ 5 ವರ್ಷದೊಳಗಿನ ಕಂದಮ್ಮಗಳು.

ಹಾಗಾದರೆ ಮಕ್ಕಳನ್ನು ನೀರಿನಿಂದ ದೂರವಿಟ್ಟರೆ ಸಾಕೇ? ಬೆಂಗಳೂರಿನ ನಿಶಾ ಮಿಲ್ಲೆಟ್ ಎಳವೆಯಲ್ಲಿ ಮುಳುಗಿ ಸ್ವಲ್ಪದರಲ್ಲಿ ಪಾರಾದವರು. ತಂದೆ ಅವರಿಗೆ ಈಜು ಕಲಿಸಿಯೇ ತೀರಬೇಕೆಂದು ನಿರ್ಧರಿಸಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ನಿಶಾ ಭಾರತದ ಪರ ಈಜಿದರು. ಟ್ರಯಥ್ಲಾನ್ ಕೂಡ ಒಲಿಂಪಿಕ್ಸ್‌ಗೆ ಸೇರಿದ್ದು ಅದೇ ವರ್ಷ. ಅದರಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ ಒಂದರ ಹಿಂದೊಂದು ಬರುತ್ತವೆ. ಅಂಥ ಸ್ಪರ್ಧಿಗಳಿಗೂ ನಮ್ಮ ಮನೆಯ ಮಕ್ಕಳಿಗೂ ಈಜಿನ ಮೂಲ ಅಭ್ಯಾಸಗಳು ಒಂದೇ.

ಮೊದಲನೆಯದು ಉಸಿರಾಟ. ಸೊಂಟಮಟ್ಟದ ನೀರಿನಲ್ಲಿ ಗೋಡೆ ಹಿಡಿದು ನಿಂತು, ಬಾಯಿಂದ ಉಸಿರೆಳೆದು, ಮುಖ ಮುಳುಗಿಸಿ, ಮೂಗು-ಬಾಯಿಗಳಿಂದ ನಿಧಾನವಾಗಿ ಗುಳ್ಳೆ ಬಿಡಬೇಕು. ಹೊಸಬರು ಉಸಿರು ಬಿಗಿಹಿಡಿಯುತ್ತಾರೆ. ಆಗ ತಲೆ ಹೊರಬಂದ ಒಂದೇ ಕ್ಷಣದಲ್ಲಿ ಉಸಿರನ್ನು ಬಿಡಬೇಕು, ಎಳೆಯಲೂ ಬೇಕು. ದಣಿವು, ಗಾಬರಿ ಹುಟ್ಟುವುದು ಇಲ್ಲಿಯೇ.

ಎರಡನೆಯದು ತೇಲುವುದು. ಶ್ವಾಸಕೋಶದ ಗಾಳಿ ಎದೆಯನ್ನು ತೇಲಿಸುತ್ತದೆ, ಕಾಲುಗಳು ತಗ್ಗುತ್ತವೆ. ತಲೆ ಎತ್ತಿದಷ್ಟೂ ಕಾಲು ಇನ್ನಷ್ಟು ಇಳಿಯುತ್ತದೆ. ಆದ್ದರಿಂದ ದೃಷ್ಟಿ ತಳದ ಕಡೆಗಿರಲಿ. ಅಂಗಾತ ತೇಲುವುದನ್ನೂ ತಪ್ಪದೆ ಕಲಿಸಿ. ಹಾಗೆ ತೇಲುವವನು ಉಸಿರಾಡುತ್ತಾ ಸಹಾಯಕ್ಕೆ ಕೂಗಬಲ್ಲ.

ಮೂರನೆಯದು ಜಾರುವುದು. ತೋಳುಗಳನ್ನು ಕಿವಿಗೆ ತಾಗುವಂತೆ ಮುಂದೆ ಚಾಚಿ, ಗೋಡೆಯನ್ನು ಕಾಲಿನಿಂದ ಒದ್ದು ಬಾಣದಂತೆ ಸಾಗಬೇಕು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದದ್ದು, ಮೈ ನೆಟ್ಟಗಿದ್ದರೆ ಮಾತ್ರ ದಾರಿ ಬಿಡುತ್ತದೆ. ಬಳಿಕ ಹಲಗೆ ಹಿಡಿದು, ಮಂಡಿಯಿಂದಲ್ಲ, ಸೊಂಟದಿಂದ ಕಾಲು ಬಡಿಯುವ ಅಭ್ಯಾಸ.

ಕೈಗಳ ಸರದಿ ಕೊನೆಗೆ. ಒಂದು ಕೈ ಮುಂದೆ ಚಾಚಿರಲಿ. ಇನ್ನೊಂದು ಕೈ ಸುತ್ತಿ ಬಂದು ಅದನ್ನು ಮುಟ್ಟಿದ ಮೇಲೆಯೇ ಮೊದಲನೆಯದು ನೀರನ್ನು ಎಳೆಯಲಿ. ಮುಷ್ಟಿ ಕಟ್ಟಿ ಈಜಿದರೆ ಮುಂಗೈಯಿಂದಲೂ ನೀರನ್ನು ಹಿಡಿಯುವುದು ತಿಳಿಯುತ್ತದೆ. ಟ್ರಯಥ್ಲಾನ್ ಸ್ಪರ್ಧಿ ಇನ್ನೂ ಒಂದನ್ನು ಕಲಿಯುತ್ತಾನೆ. ಕೆರೆ, ಸಮುದ್ರಗಳ ತಳದಲ್ಲಿ ದಾರಿ ತೋರುವ ಗೆರೆಯಿಲ್ಲ. ಆದ್ದರಿಂದ ಆಗಾಗ ಕಣ್ಣುಗಳನ್ನಷ್ಟೇ ನೀರಿನ ಮೇಲೆತ್ತಿ ಗುರಿ ನೋಡಿಕೊಳ್ಳುತ್ತಾನೆ.

ತಂದೆತಾಯಿಗಳೇ, ಕೊಳದಲ್ಲಿ ಈಜು ಬಂದ ಮಾತ್ರಕ್ಕೆ ಬಾವಿ, ಕಾಲುವೆಗೆ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ಯಾರಾದರೂ ಮುಳುಗುತ್ತಿದ್ದರೆ ಅವಸರದಲ್ಲಿ ಧುಮುಕಬೇಡಿ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಹೋಗುವುದು ಹೀಗೆಯೇ. ಹಗ್ಗ, ಸೀರೆ, ಗಳ, ಮುಚ್ಚಳ ಬಿಗಿದ ಖಾಲಿ ಕ್ಯಾನ್, ಕೈಗೆ ಸಿಕ್ಕಿದ್ದನ್ನು ಚಾಚಿ ಇಲ್ಲವೆ ಎಸೆಯಿರಿ. ಮೇಲೆತ್ತಿದವರ ಹೊಟ್ಟೆ ಒತ್ತಬೇಡಿ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆ ಒತ್ತುತ್ತಾ ಇರಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಸೋರೆಬುರುಡೆ ಮಗುವನ್ನು ತೇಲಿಸುತ್ತಿತ್ತು, ನಿಜ. ಆದರೆ ಅದರ ಹೆದರಿಕೆ ಬಿಡಿಸುತ್ತಿದ್ದದ್ದು ಹಗ್ಗದ ಇನ್ನೊಂದು ತುದಿಯಲ್ಲಿದ್ದ ಅಪ್ಪ. ಈ ರಜೆಯಲ್ಲಿ ಮಗು ನೀರಿಗಿಳಿದಾಗ ಮೊಬೈಲ್ ಬದಿಗಿಟ್ಟು, ದಡದಲ್ಲಿ ನಿಂತು, ಅದರ ಮೇಲೆಯೇ ಕಣ್ಣಿಟ್ಟಿರೋಣ.