ನೆತ್ತಿಯೊಳಗಿನ ನೀರುಚೀಲ

ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕ್‌ವರೆಗೆ ಹಾರಿ ಹೋಗುವ ನಮ್ಮ ಅಜ್ಜಿಯರು ಅಲ್ಲೂ ಕೂಸಿನ ನೆತ್ತಿಗೆ ಹರಳೆಣ್ಣೆ ತಟ್ಟುವುದನ್ನು ಬಿಡುವುದಿಲ್ಲ. ಮೂಳೆ ಕೂಡದ ಆ ಮೆತ್ತನೆಯ ಜಾಗದ ಬಡಿತ ಅವರ ಬೆರಳಿಗೆ ಗೊತ್ತು. ಅಲ್ಲಿನ ಮಕ್ಕಳ ವೈದ್ಯರು ಅದೇ ತಲೆಗೆ ಟೇಪು ಸುತ್ತುತ್ತಾರೆ. ಹುಟ್ಟಿದಾಗ ಸುಮಾರು 35 ಸೆಂ.ಮೀ. ಇದ್ದ ಸುತ್ತಳತೆ ವರ್ಷ ತುಂಬುವಾಗ 46ರ ಆಸುಪಾಸಿಗೆ ಬರಬೇಕು. ಅದು ಬೆಳವಣಿಗೆಯ ಗೆರೆ ಮೀರಿ ಏರತೊಡಗಿದರೆ, ನೆತ್ತಿ ಬಿಗಿದು ಉಬ್ಬಿದರೆ, ಸ್ಕ್ಯಾನ್ ಆಗಲೇಬೇಕು. ನೆತ್ತಿಯೇ ಕಿಟಕಿಯಾಗುವುದರಿಂದ ಎಳೆಕೂಸಿಗೆ ಮೊದಲು ಅಲ್ಟ್ರಾಸೌಂಡ್ ಸಾಕು. ಆಮೇಲಿನ ಎಂಆರ್‌ಐಯನ್ನು ಹಾಲೂಡಿಸಿ, ಬಟ್ಟೆ ಸುತ್ತಿ, ನಿದ್ದೆಯಲ್ಲೇ ಮುಗಿಸುವುದೂ ಉಂಟು.

ಸ್ಕ್ಯಾನಿನಲ್ಲಿ ಕಾಣಸಿಗುವ ಕಾರಣಗಳಲ್ಲೊಂದು ಅರಾಕ್ನಾಯ್ಡ್ ಸಿಸ್ಟ್. ಮಿದುಳಿನ ಮೂರು ಹೊದಿಕೆಗಳಲ್ಲಿ ನಡುವಿನದು ಸಾಮಾನ್ಯವಾಗಿ ಗರ್ಭದಲ್ಲೇ ಸೀಳಿ, ಅದರೊಳಗೆ ತಿಳಿಯಾದ ಮಿದುಳುದ್ರವ ತುಂಬಿ ಚೀಲವಾಗುತ್ತದೆ. ಇದು ಕ್ಯಾನ್ಸರ್ ಅಲ್ಲ. ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್ 1831ರಲ್ಲೇ ಇದನ್ನು ವರ್ಣಿಸಿದ್ದ.

'ಮಿದುಳಿನಲ್ಲಿ ಸಿಸ್ಟ್' ಎಂದೊಡನೆ ಹೆತ್ತವರ ಜಂಘಾಬಲ ಉಡುಗುತ್ತದೆ. ಆದರೆ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಹನ್ನೊಂದು ಸಾವಿರಕ್ಕೂ ಹೆಚ್ಚು ಮಕ್ಕಳ ಎಂಆರ್‌ಐ ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ ಶೇ 2.6 ಮಕ್ಕಳಲ್ಲಿ ಈ ಚೀಲ ಇತ್ತು. ಹಿಂಬಾಲಿಸಿ ನೋಡಿದವುಗಳಲ್ಲಿ ಬಹುಪಾಲು ಇದ್ದಷ್ಟೇ ಉಳಿದವು, ಕೆಲವು ತಾವಾಗಿಯೇ ಕುಗ್ಗಿದವು. ನಾಲ್ಕು ವರ್ಷ ದಾಟಿದ ಮೇಲೆ ಪತ್ತೆಯಾದ ಒಂದೂ ಬೆಳೆಯಲಿಲ್ಲ. ಕತ್ತರಿ ಹಿಡಿಯುವುದಕ್ಕಿಂತ ಹಿಡಿಯದಿರುವುದನ್ನು ಬಲ್ಲ ಸರ್ಜನ್ ದೊಡ್ಡವನು ಎಂದು ನಾನು ನಂಬುವುದು ಇದಕ್ಕೇ. ಆದರೆ ಹಸುಳೆಗಳ ಲೆಕ್ಕ ಬೇರೆ. ಬೆಳೆಯುವ ಚೀಲಗಳು ಹೆಚ್ಚಾಗಿ ಆ ಎಳೆವಯಸ್ಸಿನವೇ.

ಶಸ್ತ್ರಚಿಕಿತ್ಸೆ ಬೇಕಾದ ಹಸುಳೆಗೆ ಆಸ್ಪತ್ರೆ ಹತ್ತಿರವೇ: ವಾಲ್ನಟ್ ಕ್ರೀಕ್‌ನಿಂದ ಕಾಲ್ಡೆಕಾಟ್ ಸುರಂಗ ದಾಟಿದರೆ ಓಕ್ಲೆಂಡ್. ಅಲ್ಲಿ ಹೆದ್ದಾರಿ 24ರ ಪಕ್ಕದಲ್ಲೇ ಮಕ್ಕಳ ಆಸ್ಪತ್ರೆ ಇದೆ. ಬರ್ತಾ ರೈಟ್ ಎಂಬ ನರ್ಸ್ 1912ರಲ್ಲಿ ಗೆಳತಿಯೊಡನೆ ಹುಟ್ಟುಹಾಕಿದ ಶಿಶು ಆಸ್ಪತ್ರೆಯೇ ಇಂದಿನ ಯುಸಿಎಸ್‌ಎಫ್ ಬೆನಿಯಾಫ್.

ಶಸ್ತ್ರಚಿಕಿತ್ಸೆಗೆ ಮುಖ್ಯವಾಗಿ ಎರಡು ದಾರಿ. ಒಂದು, ಚೀಲದ ಗೋಡೆಗೆ ಕಿಂಡಿ ಕೊರೆದು ಒಳಗಿನ ನೀರನ್ನು ಮಿದುಳಿನ ಸಹಜ ದ್ರವಮಾರ್ಗಕ್ಕೆ ಸೇರಿಸುವುದು. ತಲೆಬುರುಡೆ ತೆರೆದು ಸೂಕ್ಷ್ಮದರ್ಶಕದಡಿಯಲ್ಲೋ, ಚಿಕ್ಕ ರಂಧ್ರದಿಂದ ಎಂಡೋಸ್ಕೋಪ್ ಇಳಿಸಿಯೋ ಇದನ್ನು ಮಾಡುತ್ತಾರೆ. ಗೋಡೆಯ ಆಚೆಗೇ ರಕ್ತನಾಳ, ನರಗಳಿರುತ್ತವೆ. ಚೀಲವನ್ನು ಪೂರ್ತಿ ಕಿತ್ತು ತೆಗೆಯುವ ಹಟ ಯಾರಿಗೂ ಬೇಡ. ಎಳೆಯರಲ್ಲಿ ಕಿಂಡಿ ಮತ್ತೆ ಮುಚ್ಚಿಕೊಳ್ಳಬಹುದು, ದ್ರವ ಸೋರಬಹುದು.

ಇನ್ನೊಂದು ದಾರಿ ಷಂಟ್: ಚರ್ಮದಡಿ ಹಾಯ್ದು ಹೊಟ್ಟೆಗೆ ನೀರಿಳಿಸುವ ಕೊಳವೆ. ಅದರ ಕವಾಟದ ಹಿಂದೊಬ್ಬ ಅಪ್ಪನಿದ್ದಾನೆ. ಜಾನ್ ಹೋಲ್ಟರ್ ಡಾಕ್ಟರ್ ಅಲ್ಲ, ಯಂತ್ರದ ಕೆಲಸಗಾರ. ತಲೆಯಲ್ಲಿ ನೀರು ತುಂಬಿದ ಮಗನಿಗಾಗಿ ಫಿಲಡೆಲ್ಫಿಯಾದಲ್ಲಿ 1956ರಲ್ಲಿ ಸಿಲಿಕೋನ್ ಕವಾಟ ರೂಪಿಸಿದ. ಭಾರತದ ಬಡ ಮಕ್ಕಳಿಗೆ ಒದಗಿದ್ದು ಉತ್ತರ ಪ್ರದೇಶದ ಶಾಹಜಹಾನ್‌ಪುರದಲ್ಲಿ ತಯಾರಾಗುವ ಅಗ್ಗದ ಛಾಬ್ರಾ ಷಂಟ್. ಷಂಟಿನ ಹಣೆಬರಹವೆಂದರೆ ಕಟ್ಟಿಕೊಳ್ಳುವುದು. ತಲೆಯಲ್ಲಿ ನೀರು ತುಂಬುವ ಕಾಯಿಲೆಗೆ ಮಕ್ಕಳಲ್ಲಿಟ್ಟ ಕೊಳವೆಗಳಲ್ಲಿ ಶೇ 40ರಷ್ಟು ಮೊದಲ ವರ್ಷವೇ ಕೈಕೊಡುತ್ತವೆ. ಆದ್ದರಿಂದ ಸಾಧ್ಯವಿದ್ದಲ್ಲಿ ಕಿಂಡಿಯೇ ಮೊದಲ ಆಯ್ಕೆ ಎನ್ನುವವರು ಹೆಚ್ಚು.

ತಲೆಯಲ್ಲಿ ನೀರು ತುಂಬುವ ಆ ಹೈಡ್ರೋಸೆಫಾಲಸ್ ಕಾಯಿಲೆಯ ಮಕ್ಕಳ ಹೆತ್ತವರೇ ಸೇರಿ 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೈಡ್ರೋಸೆಫಾಲಸ್ ಅಸೋಸಿಯೇಷನ್ ಕಟ್ಟಿದರು. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇದೆ. ಚಿಕಿತ್ಸೆ ದೂರವಿಲ್ಲ, ಕೂಸು ಅಲ್ಲಿಗೆ ತಲುಪುವುದು ತಡವಾಗಬಾರದು. ಮುಂದಿನ ಲಸಿಕೆಗೆ ಹೋದಾಗ ತಲೆಯ ಅಳತೆಯನ್ನೂ ಕೇಳಿ ಬರೆಸಿಕೊಳ್ಳಿ. ತಲೆ ಬೇಗ ದೊಡ್ಡದಾಗುತ್ತಿದ್ದರೆ, ನೆತ್ತಿ ಉಬ್ಬಿದ್ದರೆ, ಕಣ್ಣುಗುಡ್ಡೆ ಕೆಳಗೇ ನೆಟ್ಟಿದ್ದರೆ, ವಾಂತಿ ನಿಲ್ಲದಿದ್ದರೆ ದೃಷ್ಟಿ ತೆಗೆದು ಕಾಯುತ್ತ ಕೂರಬೇಡಿ. ಅಂದೇ ವೈದ್ಯರಿಗೆ ತೋರಿಸಿ.